ದೀರ್ಘಶಾಂತಿ

ತಾಳ್ಮೆಯಲ್ಲಿ ದೇವರ ನಂತರದ ಸ್ಥಾನ ನನ್ನದೇ, ಅದೂ ಕೂದಲೆಳೆಯ ಅಂತರದಲ್ಲಿ. ಬೇರೆಯವರಾಗಿದ್ದರೆ ನನ್ನ ತಮ್ಮ ಕರುಣಾಕರನನ್ನು ಎಂದೋ ಊರು ಬಿಡಿಸುತ್ತಿದ್ದರು. ಓಡುವ ಗೂಡ್ಸ್ ರೈಲು ಕೂಡ ನಿಂತು ಕೇಳುವ ನನ್ನ ಕಂಠವನ್ನು ಅವನು ಚರ್ಚಿನ ಹಾಡುಗಾರರೆಲ್ಲರ ಎದುರು ಅಪಸ್ವರ ಎಂದಿದ್ದ. ನಾನು ಅವನ ಜೊತೆ ಮಾತು ಬಿಟ್ಟೆ, ಅಷ್ಟೆ.

ಈ ಭಾನುವಾರ ಚರ್ಚಿನಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ಹಂಚಿಕೊಳ್ಳುವ ದಿನ. ನಾವು ಅಣ್ಣತಮ್ಮಂದಿರು ಕೈ ಕುಲುಕಿದ ಮೇಲೆಯೇ ರೊಟ್ಟಿ ಮುರಿಯುವುದು ಎಂದು ನಮ್ಮ ಪಾದ್ರಿ ಅಯ್ಯನವರು ಮೊದಲೇ ಹೇಳಿದ್ದರು. ಬಿಳಿ ಬಟ್ಟೆ ಮುಚ್ಚಿದ ಮೇಜಿನ ಮುಂದೆ ಅವರು ಸುಮ್ಮನೆ ನಿಂತೇ ಇದ್ದರು. ನಾನು ಮೊದಲ ಬೆಂಚಿನಲ್ಲಿ ಕಾಲು ಕುಣಿಸುತ್ತ ಕೂತಿದ್ದೆ. ಹಿಂದೆ ಜನರ ಗುಸುಗುಸು ಸಮುದ್ರದಂತೆ ಏರುತ್ತಿತ್ತು. ಹಸಿದಿದ್ದಾರೆ, ಪಾಪ. ಆದರೆ ತಿರುಗಿ ನೋಡುವುದು ಸಭೆಯ ಹಿರಿಯನಿಗೆ ಶೋಭೆಯಲ್ಲ.

ಕೊನೆಗೆ ನನ್ನಿಂದ ತಡೆಯಲಾಗಲಿಲ್ಲ.

“ಅಯ್ಯನವರ, ಇನ್ನ ಎಷ್ಟೊತ್ತ ಕಾಯೂದ್ರಿ?”

“ತಡೀರಿ, ಮನಸು ಕರಗಲಿ. ದೇವರು ನಮಗ ಕಾದಿಲ್ಲೇನ್ರಿ?”

“ದೇವರಿಗೇನ್ರಿ, ಇಂಥಾ ತಮ್ಮ ಇಲ್ಲ.”

“ಹೌದ್ರಿ. ಆದ್ರ ನಮ್ಮಂಥಾ ಮಕ್ಕಳದಾರ.”

“ಆ ಮೊಂಡ ಇವತ್ತ ಬರಂಗಿಲ್ಲ. ನನ್ನ ಮಾತ ಕೇಳ್ರಿ, ಬಾಗಲಾ ಹಾಕಸ್ರಿ, ಅವನ್ನ ಬಿಟ್ಟು ಸುರು ಮಾಡ್ರಿ.”

ಅಯ್ಯನವರು ನನ್ನ ಭುಜದಾಚೆ ನೋಡುತ್ತ ಮೆಲ್ಲಗೆ ಹೇಳಿದರು:

“ನಿಮ್ಮ ತಮ್ಮ ಆಗಲೇ ಬಂದು ನಿಮ್ಮ ಬೆನ್ನ ಹಿಂದ ಕೈ ಚಾಚಿ ನಿಂತಾನ್ರಿ. ನಾ ಕಾಯಾಕತ್ತಿದ್ದು ನಿಮಗ.”