ಗೆರೆ ದಾಟಿದರೆ ಹೇಳುತ್ತದೆ

“ಇನ್ನೂ ಸ್ಟಾರ್ಟೇ ಆಗಿಲ್ವಲ್ಲಮ್ಮ?” ಎಂದು ಮೇಷ್ಟ್ರು ಗುಂಡಿಯನ್ನು ಎರಡನೇ ಸಲ ಒತ್ತಲು ಹೋದಾಗ ಹಿಂದಿನ ಸೀಟಿನಲ್ಲಿದ್ದ ಶೋರೂಮಿನವಳು ತಡೆದಳು. “ಆಗಿದೆ ಸರ್. ಈಗ ಬ್ಯಾಟರಿ ಮೇಲಿದೆ, ಅದಕ್ಕೇ ಸದ್ದಿಲ್ಲ. ವೇಗ ಜಾಸ್ತಿ ಆದ್ರೆ ಪೆಟ್ರೋಲ್ ಇಂಜಿನ್ ತಾನಾಗೇ ಜೊತೆ ಸೇರ್ಕೊಳ್ಳುತ್ತೆ.” ಮೂವತ್ತೈದು ವರ್ಷ ಡ್ರೈವಿಂಗ್ ಸ್ಕೂಲು ನಡೆಸಿ, ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯುವುದನ್ನು ಕಲಿಸಿದವರಿಗೇ ಗಾಡಿ ಚಾಲೂ ಆದದ್ದು ಗೊತ್ತಾಗಲಿಲ್ಲ ಅಂದರೆ ಏನು ಹೇಳುವುದು! ಪಕ್ಕದಲ್ಲಿ ಕೂತಿದ್ದ ಮಗಳು ನಗು ನುಂಗಿಕೊಂಡಳು. ಗಾಡಿ ಕೊಳ್ಳುವವಳು ಅವಳು; ಅಳೆದು ತೂಗಿ ಹೂಂ ಅನ್ನಬೇಕಾದವರು ಅಪ್ಪ.

ಆನೆಯಂಥ ಗಾಡಿ, ಹೊರಟಿದ್ದು ಮಾತ್ರ ತೆಪ್ಪ ದಡ ಬಿಟ್ಟ ಹಾಗೆ. ಮೇಷ್ಟ್ರಿಗೆ ಹಿತವಾಯಿತು. ರಸ್ತೆಯ ಎರಡೂ ಬದಿಯ ಮರಗಳು ಹಾಲಿನಲ್ಲಿ ಅದ್ದಿ ತೆಗೆದಂತೆ ಮೆತ್ತಗೆ ತೇಲಿ ಬಂದು ಹಿಂದೆ ಸರಿಯುತ್ತಿದ್ದವು. ಎದುರು ಬರುವ ವಾಹನಗಳ ಅಂಚೂ ಕರಗಿತ್ತು. ಕೆಲವು ವಾರಗಳಿಂದ ಬೆಳಗಿನ ಹೊತ್ತು ಹೀಗೇ. ಈ ಸಲ ಮಂಜು ಚೆನ್ನಾಗಿ ಬೀಳುತ್ತಿದೆ ಎಂದು ಅವರು ಒಳಗೊಳಗೇ ಖುಷಿಪಟ್ಟಿದ್ದರು. ಈಗಂತೂ ತಾವು ಗಾಡಿ ಓಡಿಸುತ್ತಿಲ್ಲ, ಯಾರೋ ತಮ್ಮನ್ನು ತೊಟ್ಟಿಲಲ್ಲಿಟ್ಟು ತೂಗುತ್ತಿದ್ದಾರೆ ಎನಿಸತೊಡಗಿತು.

“ಲೀಟರಿಗೆ ಎಷ್ಟು ಕೊಡುತ್ತೆ?”

“ಇಪ್ಪತ್ನಾಲ್ಕು ಸರ್.”

“ಅದು ನೀವು ಪುಸ್ತಕದಲ್ಲಿ ಅಚ್ಚು ಹಾಕ್ಸಿರೋದು. ರಸ್ತೆ ಮೇಲೆ ಹೇಳಮ್ಮ.”

ಅವಳು ಮುಂದಕ್ಕೆ ಬಾಗಿ ಪರದೆಯತ್ತ ಬೆರಳು ಮಾಡಿದಳು. “ಇಲ್ಲೇ ಬರ್ತಿದೆ ನೋಡಿ, ಇಪ್ಪತ್ತೊಂದು.”

ಮೇಷ್ಟ್ರಿಗೆ ಅಲ್ಲೊಂದು ಹಸಿರು ಬೆಳಕು ಕಂಡಿತು, ಅಷ್ಟೆ. “ಇಷ್ಟು ದೊಡ್ಡ ಮೈಗೆ ಇಷ್ಟೇ ಊಟ ಅಂದ್ರೆ ಪುಣ್ಯಾತ್ಮ ಗಾಡಿನೇ ಬಿಡು,” ಎಂದರು. ಆಮೇಲೆ ಮಕ್ಕಳ ಚೀಲ ಎಲ್ಲಿಡುವುದು, ಹಿಂದಿನ ಬಾಗಿಲಿನ ಚಿಲಕ ಮಕ್ಕಳ ಕೈಗೆ ಸಿಗುತ್ತದೆಯೇ ಎಂದೆಲ್ಲ ಕೆದಕಿ ಕೇಳಿದರು. ಸೋಮವಾರದಿಂದ ಇಬ್ಬರು ಮೊಮ್ಮಕ್ಕಳನ್ನು ಶಾಲೆಗೆ ಬಿಡುವವರು ಅವರೇ. ಡ್ರೈವಿಂಗ್ ಸ್ಕೂಲನ್ನು ಬೇರೆಯವರಿಗೆ ವಹಿಸಿಕೊಟ್ಟ ಮೇಲೆ ಸಿಕ್ಕಿದ್ದ ಒಂದೇ ಒಂದು ಕೆಲಸ ಅದು. ವಾರದಿಂದ ನೆಲದ ಮೇಲೆ ಕಾಲೇ ನಿಂತಿರಲಿಲ್ಲ.

ಟಿಣ್, ಟಿಣ್ ಎಂದು ಎಲ್ಲೋ ಗಂಟೆ ಬಾರಿಸಿತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ.

“ಏನಮ್ಮ ಇದು, ಪೂಜೆ ಶುರುವಾಯ್ತಾ?”

“ರಸ್ತೆ ಮೇಲಿರೋ ಬಿಳಿ ಗೆರೆ ದಾಟಿದ್ರೆ ಗಾಡಿನೇ ಹೇಳುತ್ತೆ ಸರ್.”

“ನಾನು? ಗೆರೆ ದಾಟೋದಾ? ಈ ರಸ್ತೇಲಿ ಕಣ್ಣು ಮುಚ್ಕೊಂಡು ಓಡಿಸ್ತೀನಿ! ಮಂಜಿದೆಯಲ್ಲ, ಪಾಪ, ನಿಮ್ಮ ಗಾಡಿಗೇ ಕಾಣ್ತಿಲ್ಲ.”

ಟಿಣ್ ಟಿಣ್ ಟಿಣ್. ಪಕ್ಕದಲ್ಲೇ ಒಂದು ಲಾರಿ ಉದ್ದಕ್ಕೆ ಹಾರ್ನ್ ಹೊಡೆಯುತ್ತ ಸರಿದು ಹೋಯಿತು. ಮಗಳ ಕೈ ತಾನಾಗಿ ಸ್ಟಿಯರಿಂಗಿನ ಮೇಲೆ ಬಂದಿತ್ತು. “ಸರ್, ಸ್ವಲ್ಪ ಪಕ್ಕಕ್ಕೆ ನಿಲ್ಲಿಸ್ತೀರಾ? ಮೇಡಂ ಕೂಡ ಒಂದು ಸಲ ಓಡಿಸಿ ನೋಡ್ಲಿ,” ಎಂದಳು ಶೋರೂಮಿನವಳು, ಬಹಳ ಮೆತ್ತಗೆ.

ಸೀಟು ಬದಲಾಯಿತು. ಅದೇ ರಸ್ತೆಯಲ್ಲಿ ಮಗಳು ಗಾಡಿ ತಿರುಗಿಸಿ ಹೊರಟಳು. ಮೇಷ್ಟ್ರು ಕಿವಿ ನಿಮಿರಿಸಿ ಗಂಟೆಗಾಗಿ ಕಾದರು. ಒಂದು ಸಲವಾದರೂ ಬಾರಿಸಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡರು. ಸೇತುವೆ ಬಂತು, ಹೋಯಿತು. ದೊಡ್ಡ ತಿರುವು ಬಂತು, ಹೋಯಿತು. ಗಾಡಿ ತುಟಿ ಪಿಟಕ್ಕೆನ್ನಲಿಲ್ಲ.

“ಮಗಳೇ,” ಎಂದರು ಕೊನೆಗೆ, “ಹೊರಗೆ ಮಂಜಿದೆ ತಾನೆ?”

ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಅವರೇ ಕಲಿಸಿದ ಪಾಠ ಅದು. “ಇಲ್ಲಪ್ಪಾ. ಬಿಸಿಲಿದೆ.”

ಮೇಷ್ಟ್ರಿಗೆ ದುಃಖ ಒತ್ತರಿಸಿ ಬಂತು. ಮೊದಲು ನೆನಪಾದದ್ದು ಸೋಮವಾರ. ಆಮೇಲೆ, ಹಿಂದಿನ ಸೀಟಿನಲ್ಲಿ ಕೂರಬೇಕಾಗಿದ್ದ ಆ ಎರಡು ಪುಟ್ಟ ತಲೆಗಳು ಕಣ್ಣೆದುರು ಬಂದವು. ಹಿಂದೆ ಕೂತವಳು ಬೆಲೆಪಟ್ಟಿಯನ್ನು ಮೊದಲ ಸಲ ನೋಡುವವಳಂತೆ ಓದುತ್ತಿದ್ದಳು.

“ಈ ಗಂಟೆ ಎಲ್ಲಾ ಮಾಡೆಲಿಗೂ ಬರುತ್ತೇನಮ್ಮ?” ಎಂದು ಕೇಳಿದರು.

“ಇಲ್ಲ ಸರ್, ಮೇಲಿನ ಮಾಡೆಲಿಗೆ ಮಾತ್ರ. ಬೆಲೆ ಸ್ವಲ್ಪ ಜಾಸ್ತಿ. ನಮ್ಮ ಮೇಡಂಗೆ ಇದರ ಅಗತ್ಯ ಇಲ್ಲ ಅನ್ಸುತ್ತೆ.”

“ಮೇಲಿಂದೇ ಬರ್ಕೊಳ್ಳಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಮುಖ ನೋಡದೆ ನಿಜ ಹೇಳೋ ಗಾಡಿ ಇದು.” ಮಗಳ ಕಡೆ ತಿರುಗಿದರು. “ಮಕ್ಕಳನ್ನ ನೀನೇ ಬಿಡು. ನಾನು ಪಕ್ಕದಲ್ಲಿ ಕೂತ್ಕೋತೀನಿ. ಕಣ್ಣಿನ ಡಾಕ್ಟರ್ ಹತ್ರಾನೂ ನೀನೇ ಕರ್ಕೊಂಡು ಹೋಗು.”

“ಹೂಂ ಅಪ್ಪಾ,” ಎಂದಳು. ಅವಳ ದನಿ ಒದ್ದೆಯಾಗಿತ್ತು, ಗಾಡಿ ಮಾತ್ರ ನೆಟ್ಟಗೆ ಹೋಗುತ್ತಿತ್ತು.

ಮುಂದಿನ ತಿರುವಿನಲ್ಲಿ ಮೇಷ್ಟ್ರ ಬಲಗಾಲು ಕೆಳಗಿನ ರಬ್ಬರ್ ಚಾಪೆಯನ್ನು ಬಲವಾಗಿ ಒತ್ತಿತು. ಕಲಿಸುವ ಕಾರಿನಲ್ಲಿ ಮೇಷ್ಟ್ರ ಕಡೆಗೂ ಒಂದು ಬ್ರೇಕ್ ಇರುತ್ತದೆ. ಇಲ್ಲಿ ಬರೀ ಚಾಪೆ. ಆದರೆ ಅವರು ಒತ್ತುವ ಮುಂಚೆಯೇ ಮಗಳು ವೇಗ ಇಳಿಸಿದ್ದಳು. ಅದರ ಮುಂದಿನ ತಿರುವಿನಲ್ಲೂ ಹಾಗೇ ಆಯಿತು. ಮೂರನೇ ತಿರುವು ಬರುವ ಮೊದಲು ಮೇಷ್ಟ್ರು ಬಗ್ಗಿ ಶೂ ಬಿಚ್ಚಿಟ್ಟು, ಎರಡೂ ಕಾಲನ್ನು ಸೀಟಿನ ಮೇಲೆ ಮಡಿಸಿಕೊಂಡು ಕೂತರು.