ಬಿಟ್ಟುಹೋದ ಮಕ್ಕಳು

ಮಂದಾಕಿನಿ ತನ್ನ ಪಿಎಚ್‌.ಡಿ. ಪ್ರಸ್ತಾವನೆಗಾಗಿ, ಮಕ್ಕಳ ಮೂರ್ಛೆರೋಗಕ್ಕೆ ಬಂದ ಹೊಸ ಮಾತ್ರೆಯೊಂದರ ಬಗೆಗಿನ ಅಧ್ಯಯನಗಳನ್ನೆಲ್ಲ ಓದಿ ಮುಗಿಸಿದ್ದಳು. ಆ ಮಾತ್ರೆಯನ್ನು ಹೊಗಳಿ ಬರೆದವರಲ್ಲಿ ಅವಳ ಮಾರ್ಗದರ್ಶಕ ಡಾ. ನಾಗಭೂಷಣರೂ ಒಬ್ಬರು.

“ಮಾತ್ರೆ ಸುರಕ್ಷಿತ ಅಂತ ಎಲ್ಲರೂ ಬರ್ದಿದ್ದೀವಿ. ನಿಂದೇನಮ್ಮ ತಕರಾರು?” ಎಂದರು ಅವರು.

“ಎಲ್ಲರೂ ನಂಬಿರೋದು ಮೊದಲನೇ ಅಧ್ಯಯನ ಒಂದನ್ನೇ, ಸಾರ್. ಅದರಲ್ಲಿ ಮಧ್ಯದಲ್ಲೇ ಬಿಟ್ಟುಹೋದ ಮಕ್ಕಳನ್ನ ಲೆಕ್ಕಕ್ಕೇ ತಗೊಂಡಿಲ್ಲ.”

“ಊರು ಬಿಟ್ಟಿರ್ತಾರೆ.”

“ಇಲ್ಲ ಸಾರ್. ಆ ಅಧ್ಯಯನ ಮಾಡಿದ ಆಸ್ಪತ್ರೆಯವರದೇ ಇನ್ನೊಂದು ವರದಿ ಸಿಕ್ತು. ಆ ಮಕ್ಕಳು ಲಿವರ್ ಕೆಟ್ಟು ತೀರ್ಕೊಂಡಿದ್ದಾರೆ.”

ನಾಗಭೂಷಣರು ವರದಿಯನ್ನು ಅವಳ ಕೈಯಿಂದ ಕಿತ್ತುಕೊಂಡು ಓದಿದರು. ಅವರ ಮುಖ ಬಿಳಿಚಿಕೊಂಡಿತು.

“ಇದನ್ನ ಬೇರೆ ಯಾರಿಗಾದ್ರೂ ತೋರಿಸಿದೀಯಾ?”

“ಇಲ್ಲ ಸಾರ್, ಮೊದಲು ನಿಮಗೇ.”

ಅವರು ಎದ್ದು ಹೋಗಿ ಕೋಣೆಯ ಬಾಗಿಲಿಗೆ ಚಿಲಕ ಹಾಕಿದರು. ಮಂದಾಕಿನಿ ಹೆದರಿ, ಉಳಿದ ಕಾಗದಗಳನ್ನು ಎದೆಗವಚಿಕೊಂಡು ಗೋಡೆಯತ್ತ ಸರಿದಳು. ಅವರು ಅವಳ ಕಡೆ ನೋಡಲೇ ಇಲ್ಲ. ಮೊಬೈಲ್ ತೆಗೆದು ಹೆಂಡತಿಗೆ ಫೋನ್ ಮಾಡಿದರು.

“ಮಗೂಗೆ ಇವತ್ತಿನ ಮಾತ್ರೆ ಕೊಟ್ಟುಬಿಟ್ಯಾ?”