ಟೀಚರ್ ಕೇಳಿದ ದೆವ್ವದ ಪುಸ್ತಕ

ಸತ್ತವರಿಗೆ ಪುಸ್ತಕ ಎರವಲು ಕೊಡುವುದರಲ್ಲಿ ಒಂದೇ ಕಿರಿಕಿರಿ. ಅವರಿಗೆ ದೆವ್ವದ ಕಥೆಯೇ ಬೇಕು. ಮಧ್ಯಾಹ್ನದ ಊಟದ ಹೊತ್ತಿಗೆ ನನ್ನ ಲೈಬ್ರರಿ ಖಾಲಿಯಾದಾಗ ಬರುತ್ತಾರೆ, ಸಂಸಾರದ ಕಾದಂಬರಿಗಳನ್ನು ಕಣ್ಣೆತ್ತಿಯೂ ನೋಡದೆ ನೇರ ಮೂಲೆಯ ಕಪಾಟಿಗೆ ಹೋಗುತ್ತಾರೆ.

ಹೋದ ದಸರೆಯಲ್ಲಿ ತೀರಿಕೊಂಡ ಅಂಬುಜಾಕ್ಷಿ ಟೀಚರೂ ಮೊನ್ನೆ ಅಲ್ಲಿಗೇ ಹೋದಾಗ ನನಗೆ ತಡೆಯಲಾಗಲಿಲ್ಲ.

"ಬದುಕಿದ್ದಾಗ ಇವನ್ನೆಲ್ಲ ಕಸ ಅಂತಿದ್ರಲ್ಲ ಟೀಚರ್? ಈಗ ಇಡೀ ಕಪಾಟು ಓದಿ ಮುಗಿಸಿದ್ದೀರಿ."

"ಓದದೇ ಇರೋದು ಯಾವುದಾದ್ರೂ ಉಳಿದಿದ್ಯಾ ನೋಡೇ ಸುಗುಣಾ. ಒಂದ್ಸಲ ಓದಿದ್ದು ಮತ್ತೆ ಕೆಲಸ ಮಾಡಲ್ಲ."

ಒಂದೇ ಒಂದು ಉಳಿದಿತ್ತು. ತೆರೆದರೆ, ಯಾವನೋ ಪುಣ್ಯಾತ್ಮ ಮೊದಲ ಪುಟದಲ್ಲೇ 'ಬಾವಿಯಲ್ಲಿರುವುದು ಅವಳ ತಂಗಿ' ಎಂದು ಪೆನ್ಸಿಲಿನಲ್ಲಿ ಗೀಚಿದ್ದ. ಅವನ ಕೈ ಸೇದಿಹೋಗ! ಬೈದುಕೊಳ್ಳುತ್ತಲೇ ರಬ್ಬರಿನಿಂದ ಉಜ್ಜಿ ಅಳಿಸಿ ಕೊಟ್ಟೆ.

ಟೀಚರ್ ಬೆಂಚಿನ ಮೇಲೆ ಕೂತು ಓದತೊಡಗಿದರು. ಸ್ವಲ್ಪ ಹೊತ್ತಿಗೆ ಅವರ ತೋಳಿನ ಕೂದಲು ನಿಮಿರಿತು. ನನ್ನನ್ನು ಹತ್ತಿರ ಕರೆದು, ನನ್ನ ಕೈ ಹಿಡಿದು ತಮ್ಮ ಎದೆಯ ಮೇಲಿಟ್ಟುಕೊಂಡರು. ಅವರ ಬೆರಳುಗಳು ತಣ್ಣಗಿದ್ದವು. ದಸರೆಯಲ್ಲಿ ನಿಂತುಹೋಗಿದ್ದ ಹೃದಯ ಮಾತ್ರ ಢವಢವ ಹೊಡೆದುಕೊಳ್ಳುತ್ತಿತ್ತು.

"ಗೊತ್ತಾಯ್ತಾ?" ಎಂದರು.

ತಲೆಯಾಡಿಸಿದೆ. ಕೊನೆಯ ಪುಟ ಬಂದಾಗ ಟೀಚರ್ ಓದು ನಿಲ್ಲಿಸಿದರು. ಹಾಳೆಯ ಮೂಲೆ ಮಡಚಿ ಪುಸ್ತಕವನ್ನು ನನ್ನ ಕೈಗೇ ವಾಪಸು ಕೊಟ್ಟರು.

"ಇದನ್ನ ಬೇರೆ ಯಾರಿಗೂ ಕೊಡ್ಬೇಡ ಕಣೇ. ಕೊನೇ ಪುಟ ನಾಳೆಗಿರ್ಲಿ."